ತೆರೆಯದೆ ಅಳಿಸಿದ ಮುಸುಕು

ಪಾವಗಡ, ಫೆಬ್ರುವರಿ 30, 2318

2061ರ ಆಗಸ್ಟ್ ಹನ್ನೊಂದರಂದು ಹದಿನಾಲ್ಕು ಮಂದಿ ವಿಜ್ಞಾನಿಗಳು, ಪಾವಗಡದ ಬಂಡೆಯಡಿ ಕಣಗಳನ್ನು ಡಿಕ್ಕಿ ಹೊಡೆಸುತ್ತಿದ್ದ ಯಂತ್ರದ ಹನ್ನೆರಡು ವರ್ಷಗಳ ದಾಖಲೆಯನ್ನು, ಅದರಲ್ಲಿದ್ದ ಉತ್ತರವನ್ನು ಒಮ್ಮೆಯೂ ನೋಡದೆ ಅಳಿಸಿಹಾಕಿದರು. ನಿಮ್ಮ ಪಾಲಿಗೆ ಅದು ಇನ್ನೂ ನಡೆದಿಲ್ಲ. ನಮಗೆ ಇನ್ನೂರೈವತ್ತೇಳು ವರ್ಷ ಹಳೆಯದು. ತಾರೀಖು ನೋಡಿ ನಗಬೇಡಿ. ನಾವು ತಿಂಗಳುಗಳನ್ನೆಲ್ಲ ಮೂವತ್ತಕ್ಕೆ ಸಮ ಮಾಡಿಕೊಂಡಿದ್ದೇವೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ, ನಿಮ್ಮ ಪುಸ್ತಕಗಳಿಂದಲೇ ಕಲಿತದ್ದು. ನಾನು ಮಾರಕ್ಕ, ಈ ಊರಿನ ನೆನಪುಗಾರ್ತಿ. ಎಂದರೆ ಹಳೆಯ ಕಾಗದ ಓದಿ, ಹಳೆಯ ಧ್ವನಿ ಕೇಳಿ, ಊರಿಗೆ ತಿಳಿಸುವವಳು.

ಅವರು ಹುಡುಕುತ್ತಿದ್ದದ್ದು ಒಂದು ಭಾರವಾದ ಕಣದ ಅಪರೂಪದ ಸಾವನ್ನು. ಅಂಥ ಕಣಗಳು ಸಾವಿರ ಕೋಟಿ ಹುಟ್ಟಿದರೆ ಒಂದೋ ಎರಡೋ ಮಾತ್ರ ಮ್ಯುವಾನ್ ಎಂಬ ಹಗುರ ಕಣಗಳ ಜೋಡಿಯಾಗಿ ಒಡೆಯಬೇಕು. ಹೆಚ್ಚು ಒಡೆದರೆ, ಯಾರಿಗೂ ಗೊತ್ತಿಲ್ಲದ ಬಲವೊಂದು ಜಗತ್ತಿನಲ್ಲಿದೆ ಎಂದರ್ಥ. ಬಯಸಿದ್ದೇ ಕಣ್ಣಿಗೆ ಕಾಣಬಾರದೆಂದು ಅವರಲ್ಲೊಂದು ಪದ್ಧತಿಯಿತ್ತು: ಉತ್ತರವಿರುವ ಭಾಗಕ್ಕೆ ಮುಸುಕು ಹಾಕುವುದು, ಎಣಿಸುವ ವಿಧಾನಕ್ಕೆ ಎಲ್ಲರೂ ಸಹಿ ಹಾಕಿದ ಮೇಲಷ್ಟೇ ತೆಗೆಯುವುದು. ಒಳ್ಳೆಯ ಪದ್ಧತಿ, ಅದನ್ನು ದೂರುವುದಿಲ್ಲ. ಆದರೆ ಕಣಗಳನ್ನು ಗುರುತಿಸುವ ಒಂದು ಶೋಧಕದ ಅಳತೆಯ ಬಗ್ಗೆ ತಂಡದ ಅಧ್ಯಕ್ಷ ಹನುಮಂತರಾಯಪ್ಪನವರ ಅನುಮಾನ ತೀರಲಿಲ್ಲ. ಅಷ್ಟರಲ್ಲಿ ಯಂತ್ರಕ್ಕೆ ವಿದ್ಯುತ್ ನಿಲ್ಲಿಸುವ ಆಜ್ಞೆ ಬಂತು; ಯಂತ್ರ ನಿಂತರೆ ಆ ಅಳತೆಯನ್ನು ಮತ್ತೆ ಪರೀಕ್ಷಿಸುವಂತಿರಲಿಲ್ಲ. ಮುಂದೆ ಯಾರೋ ಮುಸುಕು ತೆಗೆದು ತಪ್ಪಾಗಿ ಎಣಿಸಿಯಾರೆಂದು ಎಲ್ಲವನ್ನೂ ಅಳಿಸಲು ತೀರ್ಮಾನಿಸಿದರು. ಎಣಿಸುವ ವಿಧಾನಕ್ಕೆ ಬಿದ್ದ ಸಹಿ ಹದಿಮೂರು. ಅಳಿಸಲು ಹದಿನಾಲ್ಕು.

ಆ ಸಭೆಯ ಧ್ವನಿ ಉಳಿದಿದೆ. ಮುಬೀನಾ ತಾಜ್ ಎಂಬ ಕಿರಿಯ ವಿಜ್ಞಾನಿ ಕೇಳುತ್ತಾರೆ: "ಸರ್, ಹೆಂಗೂ ಅಳಿಸ್ತೀವಿ. ಒಂದ್ಸಲ ಇಣುಕಿ ನೋಡ್ಬಿಡಾನ."

"ಇಣುಕಿದ್ಮೇಲೆ ಅದು ಅಳತೆ ಅಲ್ಲಮ್ಮ, ಆಸೆ," ಎನ್ನುತ್ತಾರೆ ಹನುಮಂತರಾಯಪ್ಪ.

"ಹೆಣ್ ನೋಡಕ್ ಹೋಗಿ, ಉಪ್ಪಿಟ್ ತಿಂದು, ಕಣ್ಮುಚ್ಕೊಂಡ್ ವಾಪಸ್ ಬಂದಂಗಾತು ಬಿಡಿ!" ಎಂದು ಯಾರೋ ಹೇಳುತ್ತಾರೆ. ಎಲ್ಲರೂ ನಗುತ್ತಾರೆ. ಮುಬೀನಾ ನಕ್ಕದ್ದು ಕೇಳಿಸುವುದಿಲ್ಲ. ಸಹಿ ಮಾತ್ರ ಅವರದೂ ಇದೆ.

ಈಗ ಆ ಸುರಂಗದಲ್ಲಿ ಹುಣಸೆಹಣ್ಣು ಕೂಡಿಡುತ್ತೇವೆ. ತಂತಿಯ ತಾಮ್ರವೆಲ್ಲ ಕೊಡಗಳಾಗಿದೆ. ದಿನಕ್ಕೆ ಎರಡು 'ಬೆಳಕುಗಂಟೆ', ವಿದ್ಯುತ್ ಇರುವುದು ಅಷ್ಟೇ ಹೊತ್ತು. ಅದರಲ್ಲೇ ಹಿಟ್ಟು ಬೀಸಬೇಕು, ಆಸ್ಪತ್ರೆ ನಡೆಯಬೇಕು. ಅಂಥ ಯಂತ್ರ ಇನ್ನೆಂದೂ ಏಳುವುದಿಲ್ಲ. ಆ ಕಣದ ಪಾಠ ಬಂದಾಗ ನಮ್ಮ ಮಕ್ಕಳು 'ಗೊತ್ತಿಲ್ಲ' ಎಂದು ಬರೆದು ಪುಟ ತಿರುಗಿಸುತ್ತಾರೆ. ತಪ್ಪು ಎಣಿಕೆಯನ್ನಾದರೆ ಯಾರಾದರೂ ತಿದ್ದುತ್ತಿದ್ದರು. ಇಲ್ಲದ್ದನ್ನು ಹೇಗೆ ತಿದ್ದುವುದು?

ಈ ಕಾಗದ ತಲುಪೀತೆಂಬ ನಂಬಿಕೆ ನನಗಿಲ್ಲ. ತಲುಪಿದರೂ ನೀವು ತಡೆಯಲಾರಿರಿ. ತಡೆದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಆ ಹದಿನಾಲ್ಕು ಮಂದಿಯಲ್ಲಿ ಕೆಲವರು ಈಗ ನಿಮ್ಮ ನಡುವೆಯೇ ಶಾಲೆಗೆ ಹೋಗುತ್ತಿರಬಹುದು. ಅವರಿಂದ ನನಗೆ ಕ್ಷಮೆ ಬೇಡ. ಸಹಿ ಹಾಕಿದ ಮಾರನೆಯ ದಿನ ಅವರು ಪಾವಗಡದ ಬಸ್ ನಿಲ್ದಾಣದಲ್ಲಿ ನಿಲ್ಲಲಿ, ಒಬ್ಬೊಬ್ಬರಾಗಿ ಹೆಸರು ಹೇಳಿ, ನೆರೆದ ಜನಕ್ಕೆ ಉತ್ತರ ಕೊಡಲಿ: ನೀವು ನೋಡಬಾರದೆಂದುಕೊಂಡಿರಿ, ಸರಿ, ನಾವೂ ನೋಡಬಾರದೆಂದು ತೀರ್ಮಾನಿಸಲು ನೀವು ಯಾರು?