ಉಗ್ರಾಣದವಳ ಪರೀಕ್ಷೆ

ಅರಸೀಕೆರೆ
11 ನವೆಂಬರ್ 2024, ಸೋಮವಾರ

ಪ್ರೀತಿಯ ಅಪ್ಪಾಜಿಗೆ, ನಿಮ್ಮ ಹೇಮಲತಾಳ ಶರಣು.

ಕಣ್ಣು ಹೇಗಿದೆ? ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ಮೇಲೂ ನೀರು ಸೋರುತ್ತಿದೆ ಅಂತ ಬೇಲೂರಿನಿಂದ ತಮ್ಮ ಚನ್ನೇಶ ಫೋನಿನಲ್ಲಿ ಹೇಳಿದ. ಹನಿ ಹಾಕುವಾಗ ತಲೆ ಅಲ್ಲಾಡಿಸುತ್ತೀರಂತೆ, ಅರ್ಧ ಔಷಧಿ ಮೀಸೆಗೆ ಬೀಳುತ್ತದಂತೆ. ಎಪ್ಪತ್ತು ದಾಟಿದವರಿಗೆ ಮಗುವಿಗೆ ಹೇಳಿದ ಹಾಗೆ ಹೇಳಬೇಕೆ? ಇನ್ನೂ ಒಂದು ವಾರ ನೀವು ಏನನ್ನೂ ಓದುವಂತಿಲ್ಲ, ಹಾಗಾಗಿ ಈ ಕಾಗದವನ್ನು ನಿಮ್ಮ ಮೊಮ್ಮಗಳು ಸ್ವಾತಿ ಓದಿ ಹೇಳಲಿ. ಅಮ್ಮ ಇಲ್ಲಿ ನನ್ನ ಜೊತೆ ಚೆನ್ನಾಗಿದ್ದಾರೆ. ಬೇಲೂರಿನ ನೀರು ನಿಮಗೆ ಒಗ್ಗಿತೋ ಇಲ್ಲವೋ ಅನ್ನುವುದೊಂದೇ ಅವರ ಚಿಂತೆ. ಹುರುಳಿ ಚಟ್ನಿಪುಡಿ ಕಳಿಸುತ್ತಿದ್ದಾರೆ, ಚನ್ನೇಶನ ಕೈಗೆ ಸಿಗದ ಹಾಗೆ ಇಟ್ಟುಕೊಳ್ಳಿ.

ಫೋನ್ ಇರುವಾಗ ಕಾಗದ ಯಾಕೆ ಅಂತ ಕೇಳುತ್ತೀರಿ. ನಾನು ಪರೀಕ್ಷೆಯ ಮಾತೆತ್ತಿದ ಕೂಡಲೇ ನೀವು ಫೋನನ್ನು ಬೇರೆಯವರ ಕೈಗೆ ಕೊಟ್ಟುಬಿಡುತ್ತೀರಿ. ಕಾಗದವಾದರೆ ಪೂರ್ತಿ ಕೇಳುತ್ತೀರಿ ಅನ್ನುವ ಆಸೆ. ಇದೇ ಇಪ್ಪತ್ತನಾಲ್ಕು, ಭಾನುವಾರ, ಹಾಸನದಲ್ಲಿ ನನ್ನ ಕೋರ್ಸಿನ ಕೊನೆಯ ಪರೀಕ್ಷೆ. ಆಸ್ಪತ್ರೆಗೆ ಬೇಕಾದ ಔಷಧಿ, ಸೂಜಿ, ಹತ್ತಿ, ಗ್ಲೌಸು ಇವನ್ನೆಲ್ಲ ಯಾವಾಗ ತರಿಸಬೇಕು, ಹೇಗೆ ಇಡಬೇಕು, ಯಾವುದನ್ನು ಮೊದಲು ಕೊಡಬೇಕು ಅನ್ನುವುದರ ಓದು. ಪಾಸಾದರೆ ನಮ್ಮ ಆಸ್ಪತ್ರೆಯ ಉಗ್ರಾಣದ ಪೂರ್ತಿ ಹೊಣೆ ನನ್ನದು. ಆಗದಿದ್ದರೆ ಹೊರಗಿನಿಂದ ಓದಿದವರನ್ನು ತರುತ್ತಾರೆ, ಆರು ವರ್ಷ ದುಡಿದ ನಾನು ಅವರಿಗೆ ಬೀಗ ತೆಗೆದುಕೊಡಬೇಕು.

ನೀವು ಬೇಡ ಅನ್ನುವುದಕ್ಕೆ ಎರಡು ಕಾರಣ. ಸಾಮಾನು ಎತ್ತಿಡುವುದಕ್ಕೂ ಓದು ಬೇಕೇ ಅನ್ನುವುದು ಮೊದಲನೆಯದು. ಎರಡನೆಯದು ತಮ್ಮಯ್ಯ. ನಮ್ಮ ಕೊಬ್ಬರಿ ಮಂಡಿಯಲ್ಲಿ ಮೂವತ್ತು ವರ್ಷದಿಂದ ಇರುವ ಅವನಿಗೆ ಹೋದ ವರ್ಷ ಮಟ್ಟೆ ರಾಶಿಯಲ್ಲಿ ಹಾವು ಕಚ್ಚಿದಾಗ ನೀವೇ ಆಟೋದಲ್ಲಿ ನಮ್ಮ ಆಸ್ಪತ್ರೆಗೆ ತಂದಿರಿ. ವಿಷ ಇಳಿಸುವ ಔಷಧಿ ಇಲ್ಲ ಅಂದರು. ಹಾಸನ ಮುಟ್ಟುವಷ್ಟರಲ್ಲಿ ಹೊತ್ತಾಗಿ ಜೀವ ಉಳಿದರೂ ಕಾಲಿನ ಮೂರು ಬೆರಳು ತೆಗೆಯಬೇಕಾಯಿತು. ಅಂದಿನಿಂದ ಮಂಡಿಗೆ ಬಂದವರಿಗೆಲ್ಲ ನಮ್ಮ ಆಸ್ಪತ್ರೆಯ ಪುರಾಣ ಹೇಳುತ್ತಿದ್ದೀರಿ. “ಔಷಧಿ ಇಡದಿರೋ ಆಸ್ಪತ್ರೇಲಿ ನನ್ನ ಮಗಳಿಗೆ ಎಂಥಾ ದೊಡ್ಡಸ್ತಿಕೆ ಬೇಕಮ್ಮಾ?” ಅಂದಿರಿ. ಆ ಮಾತು ಇನ್ನೂ ಕಿವಿಯಲ್ಲಿದೆ.

ಮೊದಲನೆಯದಕ್ಕೆ ಉತ್ತರ ಕೊಡುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ಸಾಮಾನು ಜೋಡಿಸುವುದನ್ನು ನನಗೆ ಕಲಿಸಿದವರು ನೀವು. ನಮ್ಮ ಅಟ್ಟದಲ್ಲಿ ಹಳೆಯ ಕಾಯಿಗೆ ಕೈ ಹಾಕಿದರೆ ನೀವು ಕೆಳಗಿನಿಂದಲೇ ಗದರುತ್ತಿದ್ದಿರಿ. ಅದು ವರ್ಷವಿಡೀ ಹಾಗೇ ಒಣಗಿ, ಒಳಗೆ ಕೊಬ್ಬರಿ ಗಿಟುಕು ಲೊಟಲೊಟ ಅಂದ ಮೇಲೇ ಇಳಿಯಬೇಕು. ಸಾರಿಗೆ ಬೇಕಾದರೆ ಮುಂದೆ ಇಟ್ಟ ಹೊಸ ಕಾಯಿ ತೆಗೆದುಕೋ, ಹಿಂದಿನದು ಮಾಗಲಿ. ಈ ಪಾಠವನ್ನೇ ನಾನು ಆಸ್ಪತ್ರೆಗೂ ಒಯ್ದೆ. ಹೊಸ ಪೆಟ್ಟಿಗೆ ಬಂದರೆ ಮುಂದೆ, ಹಳೆಯದು ಹಿಂದೆ, ತೆಗೆಯುವುದು ಮುಂದಿನದನ್ನು. ಕೊಬ್ಬರಿಗೆ ಬೆಲೆ ತರುವ ಕ್ರಮ ಔಷಧಿಯನ್ನು ಕೊಲ್ಲುತ್ತದೆ ಅಂತ ನನಗೆ ಹೊಳೆಯಲೇ ಇಲ್ಲ. ಹಿಂದಿನ ಸಾಲು ದಿನ ಮೀರಿ ಹಾಳಾದಾಗಲೆಲ್ಲ ಕಂಪನಿಯವರು ಹಳೇ ಮಾಲು ಕಳಿಸಿದ್ದಾರೆ ಅಂತ, ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಬಯ್ಯುತ್ತಿದ್ದೆ. ಯಾವುದರ ದಿನ ಮೊದಲು ಮುಗಿಯುತ್ತದೋ ಅದು ಮೊದಲು ಹೊರಡಬೇಕು ಅನ್ನುವುದು ಕೋರ್ಸಿನ ಮೊದಲ ವಾರದ ಪಾಠ. ಅದನ್ನು ಕೇಳಿದ ದಿನ ಊಟ ಸೇರಲಿಲ್ಲ.

ನರ್ಸುಗಳಿಗೆ ಓದು ಇದೆ, ಮಾತ್ರೆ ಕೊಡುವವರಿಗೆ ಓದು ಇದೆ. ಅವರ ಕೈಗೆ ಅದನ್ನೆಲ್ಲ ತಲುಪಿಸುವವಳಿಗೆ ಮಾತ್ರ ಬೀಗದ ಕೈ ಕೊಟ್ಟು ಸುಮ್ಮನಾಗುತ್ತಾರೆ. ಏನು ತರಿಸಬೇಕು ಅನ್ನುವ ಮೀಟಿಂಗಿಗೆ ನನ್ನನ್ನು ಕರೆಯುವುದು ಕಾಫಿ ಲೋಟ ಎಣಿಸುವುದಕ್ಕೆ. ನನ್ನ ಗುರುತಿನ ಚೀಟಿಯಲ್ಲಿ ಹೆಸರಿದೆ, ಹುದ್ದೆಯ ಜಾಗ ಖಾಲಿ. ಹೆಡ್ ನರ್ಸ್ ಲತಾಮಣಿ ಒಬ್ಬಳೇ ನನ್ನನ್ನು ‘ಮೇಡಂ’ ಅನ್ನುವುದು, ಅದೂ ತಮಾಷೆಗೆ. ನನಗೆ ಹಾರ ತುರಾಯಿ ಬೇಡ ಅಪ್ಪಾಜಿ. ಆ ಮೀಟಿಂಗಿನಲ್ಲಿ ಒಂದು ಕುರ್ಚಿ ಬೇಕು. ಇದು ಇಷ್ಟಿದೆ, ಇಷ್ಟು ದಿನಕ್ಕೆ ಮುಗಿಯುತ್ತದೆ, ಇಂದೇ ತರಿಸಿ ಅಂದರೆ ಕೇಳಬೇಕು. ಅದಕ್ಕಾಗಿ ನಲವತ್ತೆರಡನೇ ವಯಸ್ಸಿನಲ್ಲಿ ಕನ್ನಡಕ ಹಾಕಿಕೊಂಡು ಓದುತ್ತಿದ್ದೇನೆ. ಅಮ್ಮ ಎದುರು ಕೂತು ಹೂ ಕಟ್ಟುತ್ತಾ ಪ್ರಶ್ನೆ ಕೇಳುತ್ತಾರೆ. ಉತ್ತರ ಸರಿಯೋ ತಪ್ಪೋ ಅವರಿಗೆ ತಿಳಿಯದು, ಆದರೆ ನಾನು ತಡವರಿಸಿದರೆ ಮಾತ್ರ ಬಿಡುವುದಿಲ್ಲ.

ಚನ್ನೇಶನಿಗೆ ನಾನು ಕೇಳಿದೆನೆಂದು ಹೇಳಿ, ಸ್ವಾತಿಗೆ ಮುತ್ತು. ಹೊತ್ತು ಹೊತ್ತಿಗೆ ಹನಿ ಹಾಕಿಸಿಕೊಳ್ಳಿ. ನಿಮ್ಮ ಆಶೀರ್ವಾದ ಸಿಕ್ಕರೆ ಸಂತೋಷವಾಗಿ ಪರೀಕ್ಷೆ ಬರೆಯುತ್ತೇನೆ, ಸಿಗದಿದ್ದರೂ ಬರೆಯುತ್ತೇನೆ.

ನಿಮ್ಮ ಪಾದಕ್ಕೆ ಎರಗುವ ಮಗಳು,
ಹೇಮಲತಾ

ಮತ್ತೆ: ಎರಡನೆಯದಕ್ಕೆ ಉತ್ತರ ಬರೆಯಲು ಮೇಲೆ ಕೈ ಬರಲಿಲ್ಲ. ಸ್ವಾತಿ, ಇದನ್ನೂ ಗಟ್ಟಿಯಾಗಿಯೇ ಓದು ಪುಟ್ಟಿ. ಅವತ್ತು ಆಸ್ಪತ್ರೆಯಲ್ಲಿ ಆ ಔಷಧಿ ಇಪ್ಪತ್ತು ಬಾಟಲಿ ಇತ್ತು ಅಪ್ಪಾಜಿ. ಇಪ್ಪತ್ತಿದೆಯಲ್ಲ ಅಂತ ನಾನು ಹೊಸದು ತರಿಸಿರಲಿಲ್ಲ. ಫ್ರಿಜ್ಜಿನ ಹಿಂದಿನ ಸಾಲಿನಿಂದ ತೆಗೆದು ನೋಡಿದರೆ ಎಲ್ಲದರ ದಿನವೂ ಮೂರು ತಿಂಗಳ ಹಿಂದೆಯೇ ಮುಗಿದಿತ್ತು. ಹಾಗೆ ಇಟ್ಟವಳು ನಾನು. ಬಾಟಲಿಗಳ ದಿನ ಮುಗಿದದ್ದನ್ನು ದೊಡ್ಡ ಡಾಕ್ಟರಿಗೆ ಅಂದೇ ಬರೆದುಕೊಟ್ಟೆ, ನನ್ನನ್ನು ತೆಗೆದುಹಾಕುವ ಬದಲು ಓದು ಅಂದವರು ಅವರೇ. ಪರೀಕ್ಷೆಯ ದಿನ ನಮ್ಮ ಉಗ್ರಾಣದ ಒಂದು ತಪ್ಪನ್ನು ಎಲ್ಲರೆದುರು ನಿಂತು ಹೇಳಬೇಕು, ನಾನು ಹೇಳುವುದು ಇದನ್ನೇ. ನಿನ್ನೆ ತಮ್ಮಯ್ಯನ ಮನೆಗೆ ಹೋಗಿ ಹೇಳಿದೆ. ಅವನು “ಯಜಮಾನ್ರಿಗೆ ಗೊತ್ತೈತಾ? ಮೊದ್ಲು ಅವ್ರಿಗೆ ಹೇಳವ್ವ. ಪಾಪ, ಊರೆಲ್ಲಾ ಆಸ್ಪತ್ರೆಯೋರ್ನ ಬಯ್ಕಂಡು ತಿರುಗ್ತಾವ್ರೆ” ಅಂದ. ಇನ್ನು ಬಯ್ಯುವುದಿದ್ದರೆ ನನ್ನ ಹೆಸರು ಹಿಡಿದೇ ಬಯ್ಯಿರಿ ಅಪ್ಪಾಜಿ.