ಸಾಲಿನಲ್ಲಿ ಉಳಿಯಬೇಕೆ?

ಅಕ್ಟೋಬರ್ 3
ಬೆಳಗಿನ ಕಾಫಿ, ನಂತರ ಮತ್ತೆ ಪುರಸಭೆಯ ಬಾಡಿಗೆ ಮನೆಗಳ ಕಚೇರಿ. ನವೆಂಬರ್ ಕೊನೆಗೆ ನಮ್ಮ ಮನೆ ಕೊಂಡವರು ಬರುತ್ತಾರೆ. ಅಷ್ಟರೊಳಗೆ ಎಲ್ಲಾದರೂ ಬಾಡಿಗೆಗೆ ಸಿಗಬೇಕು. ಮನೆಗೆ ಕಾಯುವವರ ಸಾಲಿನಲ್ಲಿ ಯಾವಾಗಿನಿಂದ ಇದ್ದೀಯ ಎಂದು ಕೌಂಟರಿನಾಕೆ ಕೇಳಿದಳು. ಆಗಸ್ಟಿನಿಂದ, ಎಂದೆ. ನಕ್ಕಳು, ಕೆಟ್ಟದಾಗಿ ಅಲ್ಲ. ನಮ್ಮೂರು ಅರ್ವಿಕಾದಲ್ಲಿ ಹೆಚ್ಚು ವರ್ಷ ಕಾದವರಿಗೇ ಮನೆ; ಜನ ಹದಿನೆಂಟು ತುಂಬಿದೊಡನೆ ಹೆಸರು ಬರೆಸುತ್ತಾರೆ.

ನಾನೂ ಬರೆಸಿದ್ದೆ. ಮುಂದೆ ಗಂಡನಾದ ಸ್ಟಫಾನ್ ಮತ್ತು ನಾನು ಜೊತೆಗೇ ಹೋಗಿ. ಮನೆ ಕೊಂಡ ವರ್ಷ ಸಾಲಿನಲ್ಲಿದ್ದ ನನ್ನ ಜಾಗ ಬಿಟ್ಟುಬಿಟ್ಟೆ. ಇನ್ನೇಕೆ ಎಂದು. ಅವನೂ ನಕ್ಕಿದ್ದ...

ಅಕ್ಟೋಬರ್ 12
ಮೈಕೆನ್ ಎಂಬ ಮುದುಕಿಯ ಮನೆಯ ಕೆಳಗಿನ ಕೋಣೆ ನೋಡಿದೆ. ಬೀದಿಯ ನೆಲಮಟ್ಟಕ್ಕೆ ಕಿಟಕಿ. ಒಂದು ವರ್ಷಕ್ಕಷ್ಟೇ, ಆಮೇಲೆ ಮಾರುತ್ತಾಳಂತೆ. ಪೆಟ್ಟಿಗೆಗಟ್ಟಲೆ ಕವಿತೆ ಪುಸ್ತಕಗಳಿವೆ ಎಂದೆ.
“ಅಷ್ಟೊಂದು ಯಾಕೆ? ಒಲೆ ಉರಿಸೋಕಾ?” ಆಮೇಲೆ, “ಗಂಡ?”
“ಇದ್ದ.”
“ಸತ್ತನಾ?”
“ಇಲ್ಲ.”
“ಹಾಗಾದ್ರೆ ಕಷ್ಟ ಕಣೆ. ಸತ್ತವರು ಅಂಗಡೀಲಿ ಎದುರಿಗೆ ಸಿಗಲ್ಲ.”
ತಿಂಗಳುಗಳ ನಂತರ ಮೊದಲ ಸಲ ನಕ್ಕೆ. ಆದರೂ ಯೋಚಿಸಿ ಹೇಳುತ್ತೇನೆಂದೆ. ಸರೋವರದ ಬಳಿಯ ಹಳದಿ ಕಟ್ಟಡದಲ್ಲಿ ಪುರಸಭೆಯ ಒಂದು ಮನೆ ಖಾಲಿ ಇದೆ. ನನಗೆ ಸಿಗಲಿಕ್ಕಿಲ್ಲ. ಆದರೂ.

ಅಕ್ಟೋಬರ್ 27, ಸಂಜೆ
ಹಳದಿ ಕಟ್ಟಡದ ಮನೆ ತೋರಿಸುವ ದಿನ. ಬಾಗಿಲ ಬಳಿ ಎಲ್ಲರ ಶೂಗಳು. ನನ್ನದನ್ನು ಬಿಚ್ಚಲು ಬಗ್ಗಿದೆ. ಪಕ್ಕದಲ್ಲಿ ಕಂದು ಬಣ್ಣದ ಜೋಡಿ, ಎಡಗಾಲಿನದಕ್ಕೆ ಹಸಿರು ದಾರ. ಆ ದಾರ ಪೋಣಿಸಿದ್ದು ನಾನೇ.

ಸ್ಟಫಾನ್ ಅಡುಗೆಮನೆಯ ಕಿಟಕಿಯ ಬಳಿ ನಿಂತಿದ್ದ. ಕಾಲುಚೀಲದಲ್ಲಿ.
“ಅಣ್ಣನ ಊರಿಗೆ ಹೋಗ್ತೀನಿ ಅಂದಿದ್ದೆಯಲ್ಲ?”
“ಇದು ಸಿಗುತ್ತೆ ಅನ್ಸುತ್ತೆ. ನಾನು ಸಾಲು ಬಿಟ್ಟಿರಲಿಲ್ಲ.”
ಕೊಡೆ ತಂದಿದ್ದೇನೆ ಎನ್ನುವಂತೆ ಹೇಳಿದ.
“ಯಾವತ್ತಿಂದ?”
“ಮೊದಲಿಂದ್ಲೂ. ವರ್ಷಕ್ಕೊಂದ್ಸಲ ಕೇಳ್ತಾರೆ, ಹೌದು ಅಂದ್ರಾಯ್ತು, ಪೆರ್ನಿಲ್ಲಾ. ಅದಕ್ಕೆ ಏನೂ ಅರ್ಥ ಇಲ್ಲ.”
ಜನ ಸದ್ದಿಲ್ಲದೆ ಹಾದುಹೋಗುತ್ತಿದ್ದರು. ನಾನು ಕಿಟಕಿಯ ಅಗಲ ಅಳೆದೆ. ಯಾರ ಪರದೆಗೆ, ಗೊತ್ತಿಲ್ಲ.

ನವೆಂಬರ್ 9
ಅವನಿಗೇ ಸಿಕ್ಕಿತು. ನಮ್ಮ ಮನೆಯ ಅಡುಗೆಮನೆ ದೀಪ ತೆಗೆದುಕೊಳ್ಳಲೇ ಎಂದು ಸಂದೇಶ. ತಗೋ, ಎಂದೆ. ಮೈಕೆನ್‌ಗೆ ಫೋನು ಮಾಡಿದೆ.

ನವೆಂಬರ್ 30
ಬಂದಾಯಿತು. ಪೆಟ್ಟಿಗೆ ಬಿಚ್ಚಿಲ್ಲ. ಕ್ರಿಸ್‌ಮಸ್ಸಿಗೆ ತೂಗುಹಾಕುವ ಕಾಗದದ ನಕ್ಷತ್ರ ಹಿಡಿದು ಮೈಕೆನ್ ಇಳಿದು ಬಂದಳು. ಕಿಟಕಿ ಕತ್ತಲಿದ್ದರೆ ಬೀದಿಯವರೆಲ್ಲ ಬಂದು ವಿಚಾರಿಸುತ್ತಾರೆ, ನಿನಗದು ಬೇಕಾ ಎಂದಳು. ತೂಗುಹಾಕಿದೆ. ಬೆಳಕಿನಲ್ಲಿ ದಾರಿಹೋಕರ ಕಾಲುಗಳಷ್ಟೇ ಕಾಣುತ್ತವೆ. ನಾನು ಹಸಿರು ದಾರ ಹುಡುಕುತ್ತಿದ್ದೇನೆಂದು ಆಮೇಲೆ ತಿಳಿಯಿತು.

ಆಗಸ್ಟ್ 19
ಎಷ್ಟೋ ತಿಂಗಳಿಂದ ಬರೆದಿಲ್ಲ. ಮೈಕೆನ್ ಮನೆ ಮಾರಾಟಕ್ಕಿಟ್ಟಿದ್ದಾಳೆ. ಇಂದು ಮನೆ ಕಚೇರಿಯಿಂದ ಸಂದೇಶ: ಒಂದು ವರ್ಷವಾಯಿತು, ಸಾಲಿನಲ್ಲಿ ಉಳಿಯಬೇಕೆ? ಹೌದು. ಇಲ್ಲ.

ಹೌದು ಒತ್ತದೆ ಇದ್ದರೆ ಇರಲು ಜಾಗವಿಲ್ಲ. ಒತ್ತಲು ಬೆರಳು ಏಳುತ್ತಿಲ್ಲ.

ಅವನಿಗೂ ಪ್ರತಿ ವರ್ಷ ಇದೇ ಪ್ರಶ್ನೆ ಬಂದಿರಬೇಕು. ಸೇಬಿನ ಗಿಡ ನೆಟ್ಟ ವರ್ಷ. ಅಮ್ಮ ಹೋದ ವರ್ಷ, ರಾತ್ರಿಯೆಲ್ಲ ನನ್ನ ಕೈ ಹಿಡಿದು ಕೂತಿದ್ದನಲ್ಲ, ಆ ವರ್ಷವೂ. ಪಕ್ಕದ ಕೋಣೆಯಲ್ಲಿ ಹೌದು ಎಂದು ಒತ್ತಿ, ಎದ್ದು ಬಂದು, ಕಾಫಿ ಇಡಲಾ ಎಂದು ಕೇಳಿ... ನಾನು ಪುಸ್ತಕದಿಂದ ತಲೆ ಎತ್ತದೆ, ಹೌದು ಎಂದು—