ಎರಡು ಸಲ ನೋಡುವ ಯಂತ್ರ

ಗುಂಜಿ
೯-೧೧-೧೯೮೧

ಬೆಳಗಾವಿಯಲ್ಲಿ ಕ್ರಿಮಿಗಳನ್ನು ಓದುವ ನಮ್ಮ ಸತ್ಯಕ್ಕನಿಗೆ,

ಕ್ಷೇಮ ಅಂತ ಬರೆದರೆ ಸುಳ್ಳಾಗುತ್ತದೆ. ಅವ್ವನ ಕ್ಷಯಕ್ಕೆ ಸ್ಟ್ರೆಪ್ಟೋಮೈಸಿನ್ ಸೂಜಿ ಶುರುವಾಗಿದೆ ಅಂತ ತಿಳಿಸಿದ್ದೆ. ಹೇಗಿದ್ದಾಳೆ ಅಂತ ನೀನು ಒಂದು ಸಾಲು ಕೇಳಲಿಲ್ಲ. ಆ ಔಷಧ ಹೇಗೆ ಕೆಲಸ ಮಾಡುತ್ತದೆ ಅಂತ ಮೂರು ಹಾಳೆ ಬರೆದೆ. ಏಳನೇ ಇಯತ್ತೆಗೇ ಸಾಲಿ ಬಿಟ್ಟವನು ನಾನು, ನಾಲ್ಕು ಸಲ ಓದಿದೆ. ತಿಳಿಯಿತು.

ಜೀವಕೋಶದೊಳಗೆ ರೈಬೋಸೋಮ್ ಅಂತ ಒಂದು ಯಂತ್ರ. ಪ್ರೋಟೀನು ಕಟ್ಟಲು ಬಂದ ಸಂದೇಶವನ್ನು ಮೂರು ಮೂರು ಅಕ್ಷರವಾಗಿ ಓದುತ್ತದೆ. ಟಿಆರ್‌ಎನ್‌ಎ ಅನ್ನುವ ಕಣಗಳು ಒಂದೊಂದು ಅಮೈನೋ ಆಮ್ಲ ಹೊತ್ತು ಬರುತ್ತವೆ. ಅಕ್ಷರ ಜೋಡಿಯಾಗದವು ಜಾರಿ ಹೋಗುತ್ತವೆ. ಹೆಚ್ಚುಕಡಿಮೆ ಹೊಂದುವ ಕಳ್ಳ ಒಂದು ನುಸುಳಿದರೂ, ಸೇರಿಸಿಕೊಳ್ಳುವ ಮೊದಲು ಯಂತ್ರ ಶಕ್ತಿ ಖರ್ಚು ಮಾಡಿ ಇನ್ನೊಮ್ಮೆ ನೋಡುತ್ತದೆ. ಸ್ಟ್ರೆಪ್ಟೋಮೈಸಿನ್ ಕ್ರಿಮಿಯ ಯಂತ್ರಕ್ಕೆ ಅಂಟಿಕೊಂಡು ಆ ನೋಟವನ್ನೇ ಸಡಿಲ ಮಾಡುತ್ತದೆ. ತಪ್ಪು ಟಿಆರ್‌ಎನ್‌ಎ ಒಳಗೆ ಬರುತ್ತದೆ, ಪ್ರೋಟೀನು ಕೆಡುತ್ತದೆ, ಕ್ರಿಮಿ ಸಾಯುತ್ತದೆ. ಸರಿ ತಾನೆ?

ಹಾಗಾದರೆ ಹೇಳು. ಕಣ್ಣಿಗೆ ಕಾಣದ ಯಂತ್ರ ಎರಡು ಸಲ ನೋಡುತ್ತದೆ. ಸಾಲಿಯಲ್ಲಿದ್ದಾಗ ನನಗೂ ಕ್ಷಯ ಬಂದು ಇದೇ ಸೂಜಿ ಮಾಡುವಾಗ ಕಂಪೌಂಡರ್ ಲಕ್ಷ್ಮಪ್ಪ ಒಂದು ಸಲವಾದರೂ ನೋಡಿದನೇ? ಕಿವಿಯೊಳಗೆ ಜೀರುಂಡೆ ಕೂಗುತ್ತದೆ ಅಂದರೆ, 'ಭಾಳ ಶಾಣ್ಯಾ ಆಗಬ್ಯಾಡಲೇ, ಆ ಬಾಜೂಕ ಹೊಳ್ಳು' ಅಂದ. ಆಮೇಲೆ ಮಾಸ್ತರರು ಕರೆದದ್ದು ಕೇಳಿಸದೆ ಏಟು ತಿಂದು ತಿಂದು ಸಾಲಿ ಬಿಟ್ಟೆ. ಊರೆಲ್ಲ ಸೊಕ್ಕು ಅಂದಿತು. ನೀನೂ, 'ಸಾಲಿ ತಪ್ಪಸಾಕ ಕಿವಿ ನೆವಾ ಏನೋ?' ಅಂದೆ. ಮರೆತಿರುತ್ತೀ. ನಾನು ಮರೆತಿಲ್ಲ.

ನಿನ್ನೆ ಅವ್ವ ರೊಟ್ಟಿ ಬಡಿಯುತ್ತ, 'ಯಾವ ಗಾಡೀನೋ ಸಿದರಾಯಾ, ಮುಂಜಾನಿಂದ ಸಿಳ್ಳಿ ಹೊಡ್ಯಾಕ ಹತ್ತೈತಿ?' ಅಂದಳು. ನನ್ನ ಕಿವಿ ನಂಬದೆ ಸ್ಟೇಷನ್ನಿಗೇ ಹೋಗಿ ನೋಡಿದೆ. ಹಳಿ ಖಾಲಿ ಇತ್ತು. ಈ ಸೂಜಿ ಕಿವಿಯನ್ನೂ ತಿನ್ನುತ್ತದೆ ಅಂತ ನಿನ್ನ ಮೂರು ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಲಕ್ಷ್ಮಪ್ಪನಿಗೆ ಹೇಳಿದರೆ, 'ನಿಮ್ಮ ಮನ್ಯಾಗ ಎಲ್ಲಾರ ಕಿವ್ಯಾಗೂ ಜೀರುಂಡಿ ಅದಾವೇನೋ?' ಅಂತ ನಕ್ಕ.

ಲಕ್ಷ್ಮಪ್ಪ ಗುರುವಾರ ಮತ್ತೆ ಸೂಜಿಗೆ ಬರುತ್ತಾನೆ. ಇನ್ನು ಹಾಳೆ ಬೇಡ. ದೊಡ್ಡ ಡಾಕ್ಟರರಿಂದ ಬೇರೆ ಔಷಧ ಬರೆಸಿ, ತೆಗೆದುಕೊಂಡು, ಬುಧವಾರದೊಳಗೆ ನೀನೇ ಬಾ. ಅಂಚೆ ತಡವಾಗುತ್ತದೆ ಅಂತ ಇವತ್ತೇ ಬೆಳಗಾವಿಯ ರವಿವಾರ ಪೇಟೆಗೆ ಹೊರಟ ಬೀರಣ್ಣ ಕಾಕಾನ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿನ್ನ ಕಿವುಡ ತಮ್ಮ,
ಸಿದರಾಯ

ತಾ.ಕ.: ಇವತ್ತಿನ ಸೂಜಿ ಆಗಿಲ್ಲ. ಮನೆಯಲ್ಲಿದ್ದ ಬಾಟಲಿಗಳನ್ನೆಲ್ಲ ನಾನೇ ಒಡೆದೆ. ಔಷಧ ಮುಗಿದಿದೆ, ಅಕ್ಕ ತರುತ್ತಾಳೆ ಅಂತ ಅವ್ವನಿಗೆ ಹೇಳಿದ್ದೇನೆ. ಅವಳು ಹಿತ್ತಲಲ್ಲಿ ಕೂತಿದ್ದಾಳೆ. ಇಲ್ಲಿಂದ ಅವಳ ಕೆಮ್ಮು ನನಗೆ ಕೇಳಿಸುವುದಿಲ್ಲ, ಬೆನ್ನು ಅಲುಗುವುದು ಕಾಣುತ್ತಿದೆ.